ಝೋನ್ ರೀಡ್: ಬೇಕೆಂದೇ ಬ್ಲಾಕ್ ಮಾಡದ ಆಟಗಾರ

ಅಮೆರಿಕನ್ ಫುಟ್ಬಾಲ್‌ನಲ್ಲಿ ಎರಡೂ ಕಡೆ 11 ಆಟಗಾರರು. ಚೆಂಡು ಹಿಡಿದು ಓಡುವವನೂ, ಅದನ್ನು ಅವನ ಕೈಗಿತ್ತು ಸುಮ್ಮನಾಗುವ ಕ್ವಾರ್ಟರ್‌ಬ್ಯಾಕೂ (ದಾಳಿ ನಡೆಸುವ ಮುಖ್ಯ ಆಟಗಾರ) ಯಾರನ್ನೂ ಬ್ಲಾಕ್ ಮಾಡುವುದಿಲ್ಲ, ಅಂದರೆ ಮೈಯೊಡ್ಡಿ ಎದುರಾಳಿಯನ್ನು ತಡೆಯುವುದಿಲ್ಲ. ಉಳಿದ 9 ಮಂದಿ 11 ಮಂದಿಯನ್ನು ತಡೆಯಬೇಕು. ಈ ಕೊರತೆ ತುಂಬಲು ಹುಟ್ಟಿದ್ದೇ ಆಪ್ಷನ್ ಆಟ: ಎದುರಾಳಿ ಒಬ್ಬನನ್ನು ಬೇಕೆಂದೇ ಬ್ಲಾಕ್ ಮಾಡದೆ ಬಿಟ್ಟು, ಅವನು ಯಾವ ಕಡೆ ವಾಲುತ್ತಾನೋ ಅದರ ವಿರುದ್ಧ ದಿಕ್ಕಿಗೆ ಚೆಂಡು ಕೊಂಡೊಯ್ಯುವುದು. ಇದರ ಒಂದು ಬಗೆ ಝೋನ್ ರೀಡ್. 1990ರ ದಶಕದ ಆರಂಭದಲ್ಲಿ ಗ್ಲೆನ್‌ವಿಲ್ ಸ್ಟೇಟ್ ಕಾಲೇಜಿನ ಕೋಚ್ ಆಗಿದ್ದ ರಿಚ್ ರಾಡ್ರಿಗೆಜ್ ಇದನ್ನು ರೂಪಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಓಟ ಬಲಕ್ಕೆ ಎಂದುಕೊಳ್ಳಿ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ನಿಲ್ಲುವುದು ಕ್ವಾರ್ಟರ್‌ಬ್ಯಾಕ್‌ನ ಎಡಗಡೆ. ಸ್ನ್ಯಾಪ್ ಆದೊಡನೆ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದೊಡನೆ, ಅವನ ಮುಂದೆ ಸಾಲಾಗಿ ನಿಂತ ಐದೂ ಲೈನ್‌ಮನ್‌ಗಳು ಬಲಕ್ಕೆ ಒಂದು ಚಿಕ್ಕ ಹೆಜ್ಜೆ ಇಡುತ್ತಾರೆ. ಬಲಗಡೆಯ ಸಂದಿಯಲ್ಲಿ ಎದುರಾಳಿ ಇದ್ದರೆ ಅವನನ್ನೇ ತಡೆಯಬೇಕು. ಇಲ್ಲದಿದ್ದರೆ ಪಕ್ಕದವನ ಜೊತೆಗೂಡಿ ಅವನ ಎದುರಾಳಿಯನ್ನು ತಳ್ಳಿ, ಆಮೇಲೆ ಇಬ್ಬರಲ್ಲೊಬ್ಬ ರಕ್ಷಣೆಯ ಎರಡನೇ ಸಾಲಿನಲ್ಲಿ ಹಿಂದಿರುವ ಲೈನ್‌ಬ್ಯಾಕರ್ ಮೇಲೆ ಹೋಗಬೇಕು. ಎಡ ಟ್ಯಾಕಲ್ (ಲೈನ್‌ಮನ್‌ಗಳಲ್ಲಿ ಎಡತುದಿಯವನು) ಮಾತ್ರ ತನ್ನ ಹೊರಗಡೆಯ ಡಿಫೆನ್ಸಿವ್ ಎಂಡ್‌ನನ್ನು (ರಕ್ಷಣೆಯ ಮುಂಸಾಲಿನ ತುದಿಯವನನ್ನು) ಮುಟ್ಟದೆ ನೇರ ಒಳಗೆ, ಲೈನ್‌ಬ್ಯಾಕರ್ ಕಡೆಗೆ ನುಗ್ಗುತ್ತಾನೆ.

ಕ್ವಾರ್ಟರ್‌ಬ್ಯಾಕ್ ಓಟಗಾರನ ಹೊಟ್ಟೆಗೆ ಚೆಂಡು ಒತ್ತಿ ಹಿಡಿದು, ಕಣ್ಣನ್ನು ಆ ಎಂಡ್ ಮೇಲೆ ಇಟ್ಟಿರುತ್ತಾನೆ. ಈ ಗಳಿಗೆಗೆ ಮೆಶ್ ಎನ್ನುತ್ತಾರೆ. ಎಂಡ್‌ನ ಭುಜ ಒಳಕ್ಕೆ ತಿರುಗಿ ಅವನು ಓಟಗಾರನ ಬೆನ್ನು ಹತ್ತಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಂಡು ಎಂಡ್ ತೆರವು ಮಾಡಿದ ಜಾಗಕ್ಕೇ ಓಡಬೇಕು. ಭುಜ ನೇರವಾಗಿದ್ದು ನಿಂತಲ್ಲೇ ನಿಂತರೆ ಚೆಂಡು ಕೊಟ್ಟುಬಿಡಬೇಕು. ಜಾಣ ಎಂಡ್ ಎರಡನ್ನೂ ಮಾಡದೆ ಅಡ್ಡ ಹೆಜ್ಜೆಯಲ್ಲಿ ಸರಿಯುತ್ತಾ ತೀರ್ಮಾನ ತಡ ಮಾಡಿಸುತ್ತಾನೆ. ತಡವಾಗಿ ಎಳೆದರೆ ಅಷ್ಟರಲ್ಲಿ ಓಟಗಾರನ ಕೈ ಚೆಂಡಿನ ಮೇಲೆ ಮುಚ್ಚಿರುತ್ತದೆ, ಚೆಂಡು ನೆಲಕ್ಕೆ. ಅದಕ್ಕೇ ಅನುಮಾನವಿದ್ದರೆ ಕೊಟ್ಟುಬಿಡು ಎಂದು ಕಲಿಸುವುದು.

ರೀಪ್ಲೇ ನೋಡುವಾಗ ತಪ್ಪನ್ನು ಯಾರ ತಲೆಗೆ ಕಟ್ಟುವುದು ಎಂಬ ಪ್ರಶ್ನೆಯೂ ಇಲ್ಲೇ ಇದೆ. ಎಂಡ್ ಹಿಂದಿನಿಂದ ಬಂದು ಓಟಗಾರನನ್ನು ಕೆಡವಿದರೆ ಎಡ ಟ್ಯಾಕಲ್ ಕೈಬಿಟ್ಟ ಎಂದು ಬೈಯುವವರೇ ಹೆಚ್ಚು. ಅದು ಅವನ ಕೆಲಸವೇ ಅಲ್ಲ. ಕ್ವಾರ್ಟರ್‌ಬ್ಯಾಕ್ ಓದಿದ್ದು ತಪ್ಪು. ಅದೇ ಎಡಗಡೆಯ ಲೈನ್‌ಬ್ಯಾಕರ್ ಯಾರ ತಡೆಯೂ ಇಲ್ಲದೆ ಒಳಗೆ ಬಂದರೆ ಟ್ಯಾಕಲ್‌ನನ್ನು ಕೇಳಬಹುದು.

2013ರ ಜನವರಿಯ ಪ್ಲೇಆಫ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೋದ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೆಪರ್ನಿಕ್ 181 ಗಜ ಓಡಿದರು. ಅದರಲ್ಲೊಂದು 56 ಗಜದ ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ಗಳಿಸುವುದು) ಇದೇ ಆಟದಿಂದ ಬಂತು: ರಕ್ಷಣೆಯವರು ಓಟಗಾರನ ಕಡೆ ಮುಗಿಬಿದ್ದರು, ಹೊರಗಡೆ ಯಾರೂ ಇರಲಿಲ್ಲ.

ರಕ್ಷಣೆಯ ಪ್ರಮುಖ ಉತ್ತರ ಸ್ಕ್ರೇಪ್. ಎಂಡ್ ಬೇಕೆಂದೇ ಒಳಗೆ ನುಗ್ಗಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಳೆದುಕೊಳ್ಳುವಂತೆ ಮಾಡುತ್ತಾನೆ. ಲೈನ್‌ಬ್ಯಾಕರ್ ಆ ಎಂಡ್‌ನ ಬೆನ್ನ ಹಿಂದಿನಿಂದ ಸುತ್ತಿ ಬಂದು ಹೊರಗೆ ಕಾದಿರುತ್ತಾನೆ. ದಾಳಿಯವರು ಇದಕ್ಕೆ ತಮ್ಮ ಲೈನ್ ತುದಿಯಲ್ಲಿ ನಿಲ್ಲುವ ಒಬ್ಬ ಟೈಟ್ ಎಂಡ್‌ನನ್ನು ಕಳಿಸುತ್ತಾರೆ. ಅವನು ಡಿಫೆನ್ಸಿವ್ ಎಂಡ್‌ನನ್ನು ಬ್ಲಾಕ್ ಮಾಡುವವನಂತೆ ಬಂದು, ಪಕ್ಕದಲ್ಲೇ ದಾಟಿ, ಆ ಲೈನ್‌ಬ್ಯಾಕರ್‌ನನ್ನು ತಡೆಯುತ್ತಾನೆ. ಇದಕ್ಕೆ ಆರ್ಕ್ ಬ್ಲಾಕ್ ಎಂದು ಹೆಸರು.