ಬಿದ್ದುಹೋದ ‘ಅಂತೆ’

ಆಷಾಢದ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮಕ್ಕಳು ಸಂಜೆಯಿಂದಲೇ ದೊಡ್ಡವರ ಮೊಬೈಲ್ ಇಣುಕತೊಡಗುತ್ತಾರೆ. ನಾಳೆ ಶಾಲೆಗೆ ರಜೆಯೋ, ಇಲ್ಲವೋ? ಯಾವುದಾದರೊಂದು ವಾಟ್ಸ್ಆ್ಯಪ್ ಗುಂಪಿಗೆ ರಜೆಯ ಆದೇಶದ ಚಿತ್ರ ಬಂದು ಬೀಳುತ್ತದೆ. ಒಮ್ಮೊಮ್ಮೆ ಅದು ನಿಜ. ಒಮ್ಮೊಮ್ಮೆ ಹೋದ ವರ್ಷದ್ದು, ಇಲ್ಲವೇ ಪಕ್ಕದ ಜಿಲ್ಲೆಯದ್ದು. ನಾಲ್ಕನೇ ತರಗತಿಯ ಕನ್ನಡ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಹೊಳೆಯುವುದಿಲ್ಲ.

ಆದೇಶವನ್ನು ಕರಿಹಲಗೆಯ ಮೇಲೆ ಬರೆದು ಗಟ್ಟಿಯಾಗಿ ಓದಿಸಬೇಕು. ಹೊರಡಿಸಿದವರು ಯಾರು? ಯಾವ ತಾಲ್ಲೂಕಿಗೆ? ಅದರಲ್ಲಿರುವ ದಿನಾಂಕಕ್ಕೂ ವಾರಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ತಾಳೆಯಾಗುತ್ತದೆಯೇ? ಕಂಪ್ಯೂಟರೇ ಇಲ್ಲದ ಶಾಲೆಯಲ್ಲೂ ಈ ಪಾಠ ನಡೆಯುತ್ತದೆ.

ಇದಕ್ಕೆ ಬೇಕಾದ ಮುಖ್ಯ ಸಲಕರಣೆ ಮಕ್ಕಳ ನಾಲಿಗೆಯ ಮೇಲೆ ಆಗಲೇ ಇದೆ. ‘ಗುಡ್ಡ ಕುಸಿಯಿತು’ ಎಂದರೆ ಹೇಳಿದವರೇ ಆ ಮಾತಿಗೆ ಹೊಣೆ. ‘ಗುಡ್ಡ ಕುಸಿಯಿತಂತೆ’ ಎಂದರೆ ಬೇರೆಯವರಿಂದ ಕೇಳಿದ್ದು. ಸುದ್ದಿಯ ಮೂಲ ಎಂಥದು ಎಂದು ತಿಳಿಸುವ ಇಂಥ ವ್ಯಾಕರಣದ ಗುರುತುಗಳನ್ನು ಭಾಷಾವಿಜ್ಞಾನಿಗಳು ಪ್ರತ್ಯೇಕವಾಗಿಯೇ ಅಧ್ಯಯನ ಮಾಡುತ್ತಾರೆ. ತುರ್ಕಿ ಭಾಷೆಯ ‘ಮಿಶ್’ ಪ್ರತ್ಯಯ ಇದರ ಬಳಗದ್ದೇ. ಬಾಯಿಂದ ಬಾಯಿಗೆ ಹೋಗುವಾಗ ಜೊತೆಗಿದ್ದ ‘ಅಂತೆ’ ಮೊಬೈಲಿನಲ್ಲಿ ಟೈಪಿಸುವಾಗ ಬಿದ್ದುಹೋಗುತ್ತದೆ. ‘ಆಗುಂಬೆ ಘಾಟಿಯಲ್ಲಿ ಕುಸಿದಿದೆಯಂತೆ’ ಎಂದು ಕೇಳಿದವರು ‘ಕುಸಿದಿದೆ’ ಎಂದು ಬರೆಯುತ್ತಾರೆ. ಮುಂದಿನವರು ಬೇರೆಲ್ಲಿಯದೋ ಚಿತ್ರವನ್ನು ಅಂಟಿಸುತ್ತಾರೆ. ಆದ್ದರಿಂದ ಸಂದೇಶದ ಯಾವ ಯಾವ ವಾಕ್ಯಕ್ಕೆ ‘ಅಂತೆ’ ಸೇರಿಸಬೇಕು ಎಂದು ಮಕ್ಕಳಿಂದಲೇ ಹುಡುಕಿಸಬೇಕು. ಪತ್ರಿಕೆಯ ‘ಎನ್ನಲಾಗಿದೆ’ ಕೂಡ ಇನ್ನೊಂದು ವೇಷದ ‘ಅಂತೆ’ಯೇ ಎಂಬುದು ಸ್ವಲ್ಪ ದೊಡ್ಡವರಿಗೆ ತಾನಾಗಿಯೇ ತಿಳಿಯುತ್ತದೆ.

ಚಿಕ್ಕವರಿಗೆ ಇದೆಲ್ಲ ಭಾರವಾಯಿತೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕೇನಿಗ್, ಕ್ಲೆಮಾಂ, ಹ್ಯಾರಿಸ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗೊತ್ತಿರುವ ವಸ್ತುಗಳನ್ನು ಒಬ್ಬರು ಸರಿಯಾಗಿಯೂ ಇನ್ನೊಬ್ಬರು ತಪ್ಪಾಗಿಯೂ ಹೆಸರಿಸಿದರು. ಯಾರು ತಪ್ಪೆಂದು ಗುರುತಿಸಬಲ್ಲ ಮೂರು, ನಾಲ್ಕು ವರ್ಷದ ಮಕ್ಕಳು, ಹೊಸ ವಸ್ತುವಿನ ಹೆಸರಿಗೆ ಸರಿ ಹೇಳಿದವರನ್ನೇ ನಂಬಿದರು. ಆದರೆ ಹಲವು ಕೈ ದಾಟಿ ಬಂದ ಸಂದೇಶಕ್ಕೆ ಮುಖವಿಲ್ಲ. ಅದರ ಹಿಂದಿನ ಸರಿತಪ್ಪುಗಳು ಯಾರಿಗೂ ನೆನಪಿಲ್ಲ. ಸಾಲದ್ದಕ್ಕೆ, ಮತ್ತೆ ಮತ್ತೆ ಕೇಳಿದ ಮಾತು ಹೆಚ್ಚು ನಿಜವೆನಿಸುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ತೋರಿಸಿದ್ದಾರೆ. ಪರಿಚಿತ ಮಾತು ಮನಸ್ಸಿಗೆ ಸಲೀಸಾಗಿ ಇಳಿಯುತ್ತದೆ. ಆ ಸಲೀಸನ್ನೇ ನಾವು ಸತ್ಯದ ಗುರುತೆಂದು ತಿಳಿಯುತ್ತೇವೆ. ನಾಲ್ಕು ಗುಂಪುಗಳಲ್ಲಿ ಬಂದ ಒಂದೇ ಸಂದೇಶ ನಾಲ್ಕು ಸಾಕ್ಷಿಗಳಂತೆ ಕಾಣುತ್ತದೆ.

ಹಾಗೆಂದು ಅನುಮಾನಿಸುವುದನ್ನಷ್ಟೇ ಕಲಿಸಿದರೆ ಮಲೆನಾಡಿನಲ್ಲಿ ಅಪಾಯ ತಪ್ಪಿದ್ದಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗುಗಳ ಕಡಿತದಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಮನೆಗೆ ಹೋಗಬೇಡಿ ಎನ್ನುವ ಸುಳ್ಳನ್ನು ಮಗು ತಡೆಯಬೇಕು. ಮಂಗ ಸತ್ತ ಜಾಗಕ್ಕೆ ಸೊಪ್ಪು ತರಲು ಹೋಗಬೇಡಿ ಎನ್ನುವ ಆರೋಗ್ಯ ಇಲಾಖೆಯ ಮಾತನ್ನು ಅದೇ ಮಗು ನಂಬಿ, ಅಜ್ಜಿಗೂ ಓದಿ ಹೇಳಬೇಕು. ‘ಮೇಲಿನ ಹಾಡ್ಯದಲ್ಲಿ ಮಂಗ ಸತ್ತಿದೆಯಂತೆ’ ಎಂದು ಯಾರಾದರೂ ಹೇಳಿದರೆ, ಕಂಡವರು ಯಾರು, ಎಲ್ಲಿ, ಯಾವಾಗ ಎಂದು ಕೇಳಿಕೊಂಡು, ಅಂದೇ ದೊಡ್ಡವರ ಮೂಲಕ ಆಶಾ ಕಾರ್ಯಕರ್ತೆಗೆ ತಿಳಿಸಬೇಕು.