ಆತ್ಮಿಕ ವರಗಳನ್ನು ಇಂದೂ ಬೇಡಬಹುದೇ?

ಪ್ರಶ್ನೆ: ನಾನು ಬಂಗಾರಪೇಟೆಯವಳು. ಹತ್ತು ವರ್ಷಗಳಿಂದ ನಮ್ಮ ಸಭೆಯ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೇನೆ. ಈಚೆಗೆ ಒಂದು ಉಪವಾಸ ಪ್ರಾರ್ಥನಾ ಕೂಟದಲ್ಲಿ, ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನ ಪ್ರೇರಣೆಯಿಂದ ಬರುವ ಕಲಿಯದ ಭಾಷೆಯಲ್ಲಿ, ಮಾತನಾಡದವರಿಗೆ ಪವಿತ್ರಾತ್ಮನ ಅಭಿಷೇಕವಾಗಿಲ್ಲವೆಂದು ಹೇಳಿದರು. ನನ್ನ ತವರಿನ ಸಭೆಯಲ್ಲಿ, ಅನ್ಯಭಾಷೆಯಂಥ ಆತ್ಮಿಕ ವರಗಳೆಲ್ಲ ಅಪೊಸ್ತಲರ ಕಾಲಕ್ಕೇ ಮುಗಿದುಹೋದವು ಎನ್ನುತ್ತಾರೆ. ನಾನು ವರಗಳಿಗಾಗಿ ಬೇಡಬೇಕೇ, ಕೊಟ್ಟಷ್ಟಕ್ಕೆ ಸುಮ್ಮನಿರಬೇಕೇ?

ಉತ್ತರ: ಬೇಡಬೇಕು, ಸಹೋದರಿ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯ ಈ ಅಪ್ಪಣೆಯಿಂದಲೇ ಆರಂಭವಾಗುತ್ತದೆ: ಪ್ರೀತಿಯ ಬೆನ್ನುಹತ್ತಿರಿ, ಆತ್ಮಿಕ ವರಗಳನ್ನೂ ಆಸಕ್ತಿಯಿಂದ ಬಯಸಿರಿ. ಆದರೆ ಇಲ್ಲಿ 'ಬಯಸಿರಿ' ಎಂಬುದಕ್ಕೆ ಬಳಸಿರುವ ಗ್ರೀಕ್ ಕ್ರಿಯಾಪದವೇ 13:4ರಲ್ಲಿ, ಪ್ರೀತಿಯು ಹೊಟ್ಟೆಕಿಚ್ಚು ಪಡುವುದಿಲ್ಲ ಎಂಬಲ್ಲಿಯೂ ಬಂದಿದೆ. ಒಂದೇ ಕಾವು ಒಂದು ಕಡೆ ಹಂಬಲವಾಗುತ್ತದೆ, ಇನ್ನೊಂದು ಕಡೆ ಅಸೂಯೆಯಾಗುತ್ತದೆ. ಪಕ್ಕದವರಿಗೆ ಸಿಕ್ಕಿದ್ದು ನನಗೇಕೆ ಸಿಗಲಿಲ್ಲವೆಂದು ಕೇಳುವುದಕ್ಕೂ, ಪಕ್ಕದವರಿಗೆ ಕೊಡಲು ನನ್ನ ಕೈಯಲ್ಲಿ ಏನಾದರೂ ಇರಲಿ ಎಂದು ಕೇಳುವುದಕ್ಕೂ ಇರುವ ಅಂತರವನ್ನು ಕೊರಿಂಥದ ಸಭೆ ಮರೆತಿತ್ತು. 12ರಿಂದ 14ರವರೆಗಿನ ಮೂರು ಅಧ್ಯಾಯಗಳನ್ನು ಪೌಲನು ಅದನ್ನು ನೆನಪಿಸುವುದಕ್ಕಾಗಿಯೇ ಬರೆದನೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ತವರಿನ ಸಭೆಯವರು ಆಧಾರ ಮಾಡಿಕೊಳ್ಳುವುದು 13:8-10ನ್ನು. ವಾಣಿಗಳು, ಅಂದರೆ ಅನ್ಯಭಾಷೆಗಳು, ನಿಂತುಹೋಗುವವು, ಸಂಪೂರ್ಣವಾದದ್ದು ಬಂದಾಗ ಅಪೂರ್ಣವಾದದ್ದು ಇಲ್ಲವಾಗುವುದು ಎಂದು ಅಲ್ಲಿ ಇರುವುದು ನಿಜ. ಆದರೆ ಆ ದಿನ ನಾವು ಮುಖಾಮುಖಿಯಾಗಿ ನೋಡುವೆವೆಂದು ಎರಡೇ ವಚನಗಳ ಬಳಿಕ ಹೇಳಿರುವುದರಿಂದ, ಆ ಸಂಪೂರ್ಣತೆಯನ್ನು ಕ್ರಿಸ್ತನ ಬರೋಣಕ್ಕಿಂತ ಹಿಂದೆ ಇಡಲು ನನಗೆ ಸಾಧ್ಯವಾಗುತ್ತಿಲ್ಲ. ನಮ್ಮ ದೇಶದ ಸಭೆಯ ಚರಿತ್ರೆಯೂ ನೆನಪಿಗೆ ಬರುತ್ತದೆ. ಕರ್ನಾಟಕದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆಯ ಬಳಿ ಕೇಡಗಾಂವ್‌ನಲ್ಲಿ ನಡೆಸುತ್ತಿದ್ದ ಮುಕ್ತಿ ಮಿಷನ್‌ನಲ್ಲಿ, ಅಪೊಸ್ತಲರ ಕಾಲ ಕಳೆದು ಎಷ್ಟೋ ಶತಮಾನಗಳ ಮೇಲೆ, 1905ರಲ್ಲಿ ದೊಡ್ಡ ಉಜ್ಜೀವನವಾಯಿತು, ಅಂದರೆ ಪ್ರಾರ್ಥನೆಯಲ್ಲಿ ಹೊಸ ಆತ್ಮಿಕ ಎಚ್ಚರ ಮೂಡಿತು. ಆ ಪ್ರಾರ್ಥನೆಗಳು ಎದ್ದದ್ದು, ಬರಗಾಲದಲ್ಲಿ ದಿಕ್ಕಿಲ್ಲದವರಾದ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ಅನ್ನ ಹಾಕಿ ಅಕ್ಷರ ಕಲಿಸುತ್ತಿದ್ದ ಮನೆಯಲ್ಲಿ ಎಂಬುದನ್ನು ನಾನು ಮರೆಯಲಾರೆ.

ಇನ್ನು ನಿಮ್ಮನ್ನು ನೋಯಿಸಿದ ಮಾತು. ಅನ್ಯಭಾಷೆ ಪ್ರತಿಯೊಬ್ಬರಿಗೂ ಬರಲೇಬೇಕೆಂದಿದ್ದರೆ, ಎಲ್ಲರೂ ವಾಣಿಗಳನ್ನಾಡುತ್ತಾರೋ ಎಂದು ಪೌಲನು 12:30ರಲ್ಲಿ ಕೇಳುತ್ತಿರಲಿಲ್ಲ. 'ಇಲ್ಲ' ಎಂಬ ಉತ್ತರವನ್ನು ಎದುರುನೋಡುವ ಪ್ರಶ್ನೆಯದು. ಅಪೊಸ್ತಲರ ಕೃತ್ಯಗಳಲ್ಲಿ ಆತ್ಮನು ಇಳಿದಾಗ ಜನರು ವಾಣಿಗಳನ್ನಾಡಿದ ಸಂದರ್ಭಗಳಿವೆಯೆಂದು ಆ ಸಹೋದರರು ತೋರಿಸಬಹುದು, ಅವು ಇರುವುದೂ ಹೌದು. ಆದರೂ ನಡೆದ ಸಂಗತಿಯನ್ನು ಎಲ್ಲರ ಮೇಲೆ ಹೇರುವ ನಿಯಮವಾಗಿ ಮಾಡುವ ಮುಂಚೆ, ಆತ್ಮನು ತನ್ನ ಚಿತ್ತಕ್ಕೆ ಬಂದಂತೆ ಒಬ್ಬೊಬ್ಬರಿಗೆ ಹಂಚಿಕೊಡುತ್ತಾನೆಂಬ ಕೊರಿಂಥ ಪತ್ರಿಕೆಯ 12:11ನ್ನೂ ಓದಬೇಕಾಗುತ್ತದೆ.

ನಮ್ಮ ಕೋಲಾರ ಜಿಲ್ಲೆಯವರಿಗೆ 14ನೆಯ ಅಧ್ಯಾಯ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಊರುಗಳು ನಮ್ಮವು. ಕೆ.ಜಿ.ಎಫ್.ನ ಒಂದು ಸಭೆಯಲ್ಲಿ ಬೋಧಕರು ತಮಿಳಿನಲ್ಲಿ ಸಂದೇಶ ಕೊಡುತ್ತಿದ್ದರು. ಪಕ್ಕದಲ್ಲಿ ನಿಂತ ಯುವಕನೊಬ್ಬ ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತರುತ್ತಿದ್ದ. ಒಂದು ಭಾನುವಾರ ಅವನು ಬಂದಿರಲಿಲ್ಲ. ನನ್ನ ಪಕ್ಕದಲ್ಲಿ ಮಾಲೂರಿನ ಕಡೆಯ ಅಜ್ಜಿಯೊಬ್ಬರು ಕುಳಿತಿದ್ದರು. ಸ್ವಲ್ಪ ಹೊತ್ತು ಬೋಧಕರ ಮುಖವನ್ನೇ ನೋಡಿದರು, ಆಮೇಲೆ ಬೈಬಲ್ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಸುತ್ತಲಿನವರು ಆಮೆನ್ ಎಂದಾಗ ಅವರ ತುಟಿ ಒಂದು ಕ್ಷಣ ತಡವಾಗಿ ಅಲುಗುತ್ತಿತ್ತು. ಆ ಬೋಧಕರ ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಸಂದೇಶವೂ ಚೆನ್ನಾಗಿಯೇ ಇತ್ತು. ಆದರೆ ನೀನು ಹೇಳುವುದನ್ನು ತಿಳಿಯದವನು ನಿನ್ನ ಸ್ತೋತ್ರಕ್ಕೆ ಆಮೆನ್ ಎಂದು ಹೇಗೆ ಹೇಳುವನು ಎಂಬ 14:16ನ್ನು ಓದುವಾಗಲೆಲ್ಲ ನನಗೆ ಆ ಅಜ್ಜಿಯೇ ಕಾಣುತ್ತಾರೆ. ಸಭೆಯಲ್ಲಿ ಹತ್ತು ಸಾವಿರ ಮಾತುಗಳನ್ನು ವಾಣಿಯಿಂದ ಆಡುವುದಕ್ಕಿಂತ ಇತರರಿಗೆ ಉಪದೇಶಿಸುವ ಐದು ಮಾತುಗಳೇ ತನಗೆ ಬೇಕೆಂದು ಪೌಲನು ಬರೆದದ್ದು, ವಾಣಿಗಳನ್ನು ಹೀನವಾಗಿ ಕಂಡದ್ದರಿಂದಲ್ಲ. ತಾನು ಎಲ್ಲರಿಗಿಂತ ಹೆಚ್ಚಾಗಿ ವಾಣಿಗಳನ್ನಾಡುವುದಕ್ಕಾಗಿ ಅದರ ಹಿಂದಿನ ವಚನದಲ್ಲೇ ದೇವರನ್ನು ಕೊಂಡಾಡಿದ್ದಾನೆ. ಅವನ ಅಳತೆಗೋಲು ಸಭೆಯ ಭಕ್ತಿವೃದ್ಧಿ. ಅದಕ್ಕಾಗಿಯೇ ಅನ್ಯಭಾಷೆಯಾಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು ಮಾತನಾಡಲಿ, ಒಬ್ಬನು ಅರ್ಥ ಹೇಳಲಿ, ಅರ್ಥ ಹೇಳುವವನಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿದ್ದು ತನಗೂ ದೇವರಿಗೂ ಆಡಿಕೊಳ್ಳಲಿ ಎಂಬ ಕ್ರಮವನ್ನು ಇಟ್ಟಿದ್ದಾನೆ.

ವರಗಳಿಗೆ ಹಣ ಕೇಳುವ ಕಡೆಗೆ ಮಾತ್ರ ಹೋಗಬೇಡಿರಿ. ಸಮಾರ್ಯದಲ್ಲಿ ಸೀಮೋನನೆಂಬ ಮಾಂತ್ರಿಕನು ಪವಿತ್ರಾತ್ಮನನ್ನು ಕೊಡುವ ಅಧಿಕಾರಕ್ಕಾಗಿ ಹಣ ತಂದಿಟ್ಟಾಗ ಪೇತ್ರನು ಅವನನ್ನು ಗದರಿಸಿ ಕೊಟ್ಟ ಉತ್ತರ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿದೆ.

ನಿಮ್ಮ ಪ್ರಶ್ನೆಯಲ್ಲಿ ನೀವೇ ಹಗುರವಾಗಿ ಹೇಳಿ ಮುಂದೆ ಹೋದ ಒಂದು ಮಾತಿಗೆ ನಾನು ಹಿಂತಿರುಗಬೇಕು. ದೇವರು ಸಭೆಯಲ್ಲಿ ಇಟ್ಟವರನ್ನು ಪೌಲನು ಕೊರಿಂಥ ಪತ್ರಿಕೆಯ 12:28ರಲ್ಲಿ ಎಣಿಸುವಾಗ ಮೊದಲು ಅಪೊಸ್ತಲರು, ಎರಡನೆಯದಾಗಿ ಪ್ರವಾದಿಗಳು, ಮೂರನೆಯದಾಗಿ ಬೋಧಕರು ಬರುತ್ತಾರೆ. ನಾನಾ ವಾಣಿಗಳು ಕೊನೆಯಲ್ಲಿ ಬರುತ್ತವೆ. ಹತ್ತು ವರ್ಷಗಳಿಂದ ಮಕ್ಕಳಿಗೆ ವಾಕ್ಯ ತಿಳಿಯುವಂತೆ ಹೇಳುತ್ತಿರುವ ನೀವು ಬರಿಗೈಯಲ್ಲಿ ನಿಂತಿಲ್ಲ. ಆ ವರವು ಇನ್ನೂ ಹೆಚ್ಚಲೆಂದು ಬೇಡಿರಿ, ತರಗತಿಯಲ್ಲಿ ಹಿಂದೆ ಕೂರುವ ಮಗುವಿನ ಹೆಸರು ಹೇಳಿ ಬೇಡಿರಿ. ಅನ್ಯಭಾಷೆಯನ್ನು ಬೇಡಬೇಕೆಂದು ನಿಮ್ಮ ಮನಸ್ಸಿಗೆ ಬಂದರೆ ಅದನ್ನೂ ಧಾರಾಳವಾಗಿ ಬೇಡಿರಿ. 14:13ರಲ್ಲಿ ಹೇಳಿರುವಂತೆ ಅದರ ಅರ್ಥವನ್ನು ಹೇಳುವ ವರವನ್ನೂ ಅದೇ ಪ್ರಾರ್ಥನೆಯಲ್ಲಿ ಸೇರಿಸಿರಿ.