ತಪ್ಪಿಹೋದ ಓಟವನ್ನು ಮರುದಿನ ಸೇರಿಸಿ ಓಡಬೇಕೇ?

ಪ್ರಶ್ನೆ: ಮೊದಲ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದೇನೆ. ಒಂದು ದಿನ ಓಟ ತಪ್ಪಿದರೂ ಇಡೀ ವಾರ ಹಾಳಾಯಿತು ಅನ್ನಿಸುತ್ತದೆ. ಮರುದಿನ ಎರಡನ್ನೂ ಸೇರಿಸಿ ಓಡುತ್ತೇನೆ. ವಾಚ್ 9.8 ಕಿ.ಮೀ. ತೋರಿಸಿದರೆ 10 ಆಗುವವರೆಗೆ ಮನೆ ಮುಂದೆಯೇ ಸುತ್ತುತ್ತೇನೆ. ಈಚೆಗೆ ಓಡುವುದೇ ಬೇಡವಾಗಿದೆ. ಏನು ಮಾಡಲಿ?

ಉತ್ತರ: ಸೇರಿಸಿ ಓಡುವುದನ್ನು ಇವತ್ತೇ ನಿಲ್ಲಿಸಿ. ತಪ್ಪಿದ ಓಟ ಬಡ್ಡಿ ಸಮೇತ ತೀರಿಸಬೇಕಾದ ಸಾಲವಲ್ಲ.

ಓಡಿದ್ದು ಮೈಗೆ ಹತ್ತುವುದು ಆಮೇಲಿನ ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ. ದಣಿದ ಸ್ನಾಯು ಸರಿಹೋಗಬೇಕು, ಖಾಲಿಯಾದ ಗ್ಲೈಕೋಜನ್ (ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ) ಮತ್ತೆ ತುಂಬಬೇಕು. ಎರಡು ದಿನದ ಹೊರೆಯನ್ನು ಒಂದೇ ದಿನ ಹೇರಿದರೆ ಅದಕ್ಕೆ ಬಿಡುವೇ ಸಿಗುವುದಿಲ್ಲ. ಮೊಣಕಾಲ ಕೆಳಗಿನ ಮೂಳೆ ನೋವು, ಸ್ಟ್ರೆಸ್ ಫ್ರ್ಯಾಕ್ಚರ್ ಎಂಬ ಮೂಳೆಯ ಸಣ್ಣ ಬಿರುಕು ಇಂಥವು ಹೊರೆ ದಿಢೀರನೆ ಏರಿದಾಗ ಕಾಡುವ ತೊಂದರೆಗಳು. ಒಂದೆರಡು ದಿನ ಓಡದಿದ್ದರೆ ಕಳೆದುಕೊಳ್ಳುವುದಾದರೂ ಏನು? ಬಹುಮಟ್ಟಿಗೆ ಏನೂ ಇಲ್ಲ. ದಮ್ಮು ಎದ್ದುಕಾಣುವಷ್ಟು ಇಳಿಯಲು ಸುಮಾರು ಎರಡು ವಾರ ಸುಮ್ಮನೆ ಕೂತಿರಬೇಕು. ರೇಸ್ ಹತ್ತಿರವಾದಾಗ ಟೇಪರ್ ಹೆಸರಿನಲ್ಲಿ ಓಟವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವ ಧೈರ್ಯ ಕೋಚ್‌ಗಳಿಗೆ ಬಂದಿರುವುದೂ ಇದರಿಂದಲೇ.

ಇನ್ನು ವಾಚ್. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಲೆಕ್ಕ ತಪ್ಪುತ್ತದೆ. ನೀವು ಸುತ್ತು ಹಾಕಿ ಗಳಿಸುವ ಆ 200 ಮೀಟರ್ ನಿಜವೋ ಅಲ್ಲವೋ ವಾಚಿಗೇ ಖಾತ್ರಿಯಿಲ್ಲ. ಅಧಿಕೃತ ಮ್ಯಾರಥಾನ್ ಹಾದಿಯನ್ನು ಸೈಕಲ್ ಚಕ್ರಕ್ಕೆ ಕೂರಿಸಿದ ಮಾಪಕದಿಂದ ಅಳೆಯುವವರು ಕೂಡ, ಎಲ್ಲೋ ಕಡಿಮೆಯಾದೀತೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ ಹೆಚ್ಚುವರಿ ಸೇರಿಸುತ್ತಾರೆ. 42.195 ಕಿ.ಮೀ.ಗೆ ಅದು ಸುಮಾರು 42 ಮೀಟರ್. ತಪ್ಪಾಗಬಹುದು ಎಂದು ಒಪ್ಪಿಕೊಂಡೇ ಅವರು ಅಳತೆಗೆ ಇಳಿಯುತ್ತಾರೆ.

ಯೋಜನೆ ಕೆಟ್ಟ ಮಾತ್ರಕ್ಕೆ ಎಲ್ಲವೂ ಹಾಳಾಗುವುದಿಲ್ಲ. ಅದಕ್ಕೇ 2018ರ ಬರ್ಲಿನ್ ಮ್ಯಾರಥಾನ್ ನನಗೆ ಬಹಳ ಇಷ್ಟದ ಓಟ. ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಅವರ ಯೋಜನೆ ಅಲ್ಲಿ ಅರ್ಧಕ್ಕೂ ಮುಂಚೆಯೇ ಕೆಟ್ಟಿತು. ವೇಗ ಕಾಯಲು ಜೊತೆಗಿದ್ದ ಮೂವರು ಪೇಸರ್‌ಗಳಲ್ಲಿ ಇಬ್ಬರು 15 ಕಿ.ಮೀ. ಸುಮಾರಿಗೆ ಹಿಂದುಳಿದರು. ಮೂರನೆಯವರು 25 ಕಿ.ಮೀ.ಗೆ ನಿಂತರು. ಉಳಿದ 17 ಕಿ.ಮೀ. ಒಬ್ಬರೇ ಓಡಿದ ಕಿಪ್ಚೋಗೆ 2:01:39ಕ್ಕೆ ಮುಗಿಸಿದರು. ಅದು ಅಂದಿನ ವಿಶ್ವದಾಖಲೆ. ಅಂಥವರಿಗೂ ಕೆಟ್ಟ ದಿನಗಳಿವೆ: ಅದೇ ಓಟಗಾರ 2020ರಲ್ಲಿ ಲಂಡನ್‌ನಲ್ಲಿ ಎಂಟನೆಯವರಾದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗುರಿ ಮುಟ್ಟಲೇ ಇಲ್ಲ.

ಹಾಗೆಂದು ದೊಡ್ಡ ಗುರಿ ಬಿಡಿ ಎನ್ನುತ್ತಿಲ್ಲ. ಎತ್ತರದ ಗುರಿ ಇಟ್ಟುಕೊಳ್ಳುವುದನ್ನೂ ತಪ್ಪಿಗೆ ಹೆದರುವುದನ್ನೂ ಮನಶ್ಶಾಸ್ತ್ರಜ್ಞರು ಬೇರೆ ಬೇರೆಯಾಗಿ ನೋಡುತ್ತಾರೆ. ಕ್ರೀಡಾಪಟುಗಳನ್ನು ಬಳಲಿಸಿ, ಆಟವೇ ಬೇಡವೆನಿಸುವ ಸ್ಥಿತಿಗೆ ತಳ್ಳುವುದು ಮುಖ್ಯವಾಗಿ ಎರಡನೆಯದು. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದೂ ಆ ಹೆದರಿಕೆಯೇ.

ಹಾಗಾಗಿ ಪ್ಲಾನ್‌ನಲ್ಲಿ ‘10 ಕಿ.ಮೀ.’ ಇರುವಲ್ಲಿ ‘50ರಿಂದ 70 ನಿಮಿಷ’ ಎಂದು ಬರೆದುಕೊಳ್ಳಿ. ಅದರೊಳಗೆ ಎಲ್ಲಿ ನಿಂತರೂ ಆ ದಿನದ ಓಟ ಮುಗಿಯಿತು. ವಾರಕ್ಕೊಂದು ಹಗುರ ಓಟಕ್ಕೆ ವಾಚ್ ಮನೆಯಲ್ಲೇ ಬಿಟ್ಟು ಹೋಗಿ. ಪಕ್ಕದವರೊಡನೆ ಏದುಸಿರಿಲ್ಲದೆ ಮಾತಾಡಲು ಆದರೆ ವೇಗ ಸರಿಯಾಗಿದೆ ಎಂದರ್ಥ. ರೇಸಿಗೂ ಒಂದೇ ಸಮಯ ಕಟ್ಟಿಕೊಳ್ಳಬೇಡಿ: ಹವೆ ತಂಪಿದ್ದರೆ ಒಂದು, ಸೆಕೆಯಿದ್ದರೆ ಇನ್ನೊಂದು, ಏನೇ ಆದರೂ ಸುಸ್ಥಿತಿಯಲ್ಲಿ ಮುಗಿಸುವುದು ಮತ್ತೊಂದು.

ಓಟ ತಪ್ಪಿದ ದಿನ ಊಟ ಬಿಡುವುದು, ನೋವಿದ್ದರೂ ಓಡುವುದು, ನಿದ್ದೆ ಕೆಡುವುದು ನಡೆದಿದ್ದರೆ ಮಾತ್ರ ಪ್ಲಾನ್ ತಿದ್ದುತ್ತ ಕೂರಬೇಡಿ. ವೈದ್ಯರನ್ನೋ ಕ್ರೀಡಾ ಮನಶ್ಶಾಸ್ತ್ರಜ್ಞರನ್ನೋ ಈ ವಾರವೇ ಕಾಣಿ.